ಮೂರನೇ ಮನೆಯ ಪರದೆ

ಪಾಲಿಹೌಸಿನ ಕೆಲಸಕ್ಕೆ ಸೇರಿದವರ ಕೈಗೆ ಮೊದಲ ದಿನ ಒಂದು ಟೋಪಿ, ಒಂದು ಕತ್ತರಿ ಕೊಡುತ್ತಾರೆ. ನನ್ನ ಅಕ್ಷರ ಗುಂಡಗಿದೆ ಅಂತ ನನಗೆ ಒಂದು ರಿಜಿಸ್ಟರನ್ನೂ ಕೊಟ್ಟರು. ಕಡಯಂಪಟ್ಟಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿ ಸೌತೆಕಾಯಿ ಬೆಳೆಯುವ ಖಾಸಗಿ ತೋಟ ಅದು. ಕಬ್ಬಿಣದ ಕಮಾನುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮೂರು ದೊಡ್ಡ ಪಾಲಿಹೌಸುಗಳು. ನಾವು ಒಂದನೇ ಮನೆ, ಎರಡನೇ ಮನೆ, ಮೂರನೇ ಮನೆ ಅನ್ನುತ್ತಿದ್ದೆವು. ದಿನಕ್ಕೆ ಮೂರು ಸಲ ಪ್ರತಿ ಮನೆಯ ಬಿಸಿ, ತೇವ, ಬಿಟ್ಟ ನೀರು, ಕೊಟ್ಟ ಗೊಬ್ಬರ ಬರೆದಿಡುವುದು ನನ್ನ ಕೆಲಸ. ಹೋದ ವರ್ಷ ಐವತ್ತೆಂಟು ತುಂಬಿತು, ಬಿಟ್ಟು ಬಂದೆ. ಈಗ ಸೇರುತ್ತಿರುವ ಹೆಣ್ಣುಮಕ್ಕಳು ಸೇಲಂನಲ್ಲಿರುವ ನಮ್ಮ ಮನೆಗೆ ಬಂದಾಗ ಕೇಳುತ್ತಾರೆ, ಗಿಡ ನೋಡಿಕೊಳ್ಳುವುದು ಕಷ್ಟವಾ ಅಂತ. ಗಿಡ ಅಷ್ಟೇನೂ ಕಷ್ಟ ಕೊಡುವುದಿಲ್ಲ. ಅದು ಸೊರಗಿದ ದಿನ ಯಾರನ್ನು ಅನುಮಾನಿಸುವುದು ಅನ್ನುವುದೇ ಕಷ್ಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅನುಮಾನ ನನಗೆ ಮನೆಯಿಂದಲೇ ಬಂದದ್ದು. ನಮ್ಮದು ಕೈಮಗ್ಗದ ಮನೆತನ. ಹೊರಗಿನಿಂದ ಬಂದ ಜರಿಯನ್ನು ಅಪ್ಪ ಒಂದು ಸಲ ಕೈಯಲ್ಲಿ ತೂಗಿ ನೋಡಿದರೆ, ಅವ್ವ ಅಪ್ಪನ ಬೆನ್ನ ಹಿಂದೆ ಇನ್ನೊಂದು ಸಲ ತೂಗುತ್ತಿದ್ದಳು. ನಾನು ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳಿನಲ್ಲಿ. ಅವ್ವನ ತವರು ಕೊಳ್ಳೇಗಾಲದ ಕಡೆ. ರಜೆಗೆ ಹೋದಾಗ ತಾತ ಕೂರಿಸಿಕೊಂಡು ಕನ್ನಡ ಬರೆಯಲು ಕಲಿಸಿದ್ದ. ಅದು ಎಲ್ಲಿ ಉಪಯೋಗಕ್ಕೆ ಬಂತು ಅಂದರೆ ತೋಟದಲ್ಲಿ. ಅಲ್ಲಿನ ರಿಜಿಸ್ಟರನ್ನು ಮ್ಯಾನೇಜರು ಓದಲಿ ಅಂತ ತಮಿಳಿನಲ್ಲಿ ಬರೆಯುತ್ತಿದ್ದೆ. ನನ್ನದೇ ಒಂದು ಚಿಕ್ಕ ಪುಸ್ತಕವನ್ನು ಯಾರೂ ಓದಬಾರದು ಅಂತ ಕನ್ನಡದಲ್ಲಿ ಬರೆಯುತ್ತಿದ್ದೆ. ಯಾರು ತಡವಾಗಿ ಬಂದರು, ಯಾರ ಕೈ ಸೋಂಕಿದ ಸಾಲಿನಲ್ಲಿ ಬಳ್ಳಿ ಮುರಿದಿದೆ, ಗಾಳಿ ಯಾವ ಕಡೆಯಿಂದ ಬೀಸಿತು, ನಾನೇನು ಮಾಡಿದೆ, ಎಲ್ಲಾ ಅದರಲ್ಲಿತ್ತು. ತೋಟದಲ್ಲಿ ಕನ್ನಡ ಮಾತಾಡುವವರು ಬೇರೆಯವರೂ ಇದ್ದರು, ಓದಬಲ್ಲವಳು ನಾನೊಬ್ಬಳೇ.

ಮೊದಲ ಪಾಠ ಕಲಿಸಿದ್ದು ಧೂಳು. ನಾನು ಸೇರಿದ ಹೊಸತರಲ್ಲಿ ರಸ್ತೆ ಪಕ್ಕದ ಒಂದನೇ ಮನೆಯ ಬಳ್ಳಿಗಳು ಉದ್ದುದ್ದ ಬೆಳೆದು, ಕಾಂಡ ಸಣಕಲಾಗಿ, ಎಲೆ ಬಿಳಚಿಕೊಂಡವು. ಆಗಿನ ಮ್ಯಾನೇಜರು ಬೀಜ ಕೊಟ್ಟವರನ್ನು ಬೈದರು. ಬೀಜದವರು ನಮ್ಮ ನೀರನ್ನು ಬೈದರು. ನಾನು ಮೋಟಾರು ಬಿಡುವವನನ್ನು ಅನುಮಾನಿಸಿದೆ. ಗೊಬ್ಬರ ಎರಡರಷ್ಟು ಕೊಟ್ಟರು. ಎಲೆಯ ಅಂಚು ಸುಟ್ಟುಹೋಯಿತು, ಅಷ್ಟೇ. ಆಮೇಲೊಂದು ಮಧ್ಯಾಹ್ನ ಜಡಿಮಳೆ ಬಂತು. ವಾರ ಕಳೆಯುವುದರೊಳಗೆ ಅದೇ ಬಳ್ಳಿಗಳು ಹಸಿರಾಗಿ ನಿಂತವು. ಯಾರಿಗೂ ಅರ್ಥವಾಗಲಿಲ್ಲ. ಏಣಿ ಹಾಕಿ ಹತ್ತಿ ನೋಡಿದಾಗ ಮಳೆ ತೊಳೆಯದೆ ಬಿಟ್ಟ ಒಂದು ಮೂಲೆಯಲ್ಲಿ ಬೆರಳಿಟ್ಟರೆ ಬೆರಳು ಬೆಳ್ಳಗಾಗುವಷ್ಟು ಧೂಳು. ಕಲ್ಲಿನ ಲಾರಿಗಳು ತಿಂಗಳುಗಟ್ಟಲೆ ಎಬ್ಬಿಸಿದ ಪುಡಿ ಹಾಳೆಯ ಮೇಲೆ ಕೂತು ಬೆಳಕನ್ನು ತಡೆದಿತ್ತು. ಕೆಳಗೆ ನಿಂತ ನಮಗೆ ಕಣ್ಣು ಕುಕ್ಕುವ ಬಿಸಿಲೇ ಕಾಣುತ್ತಿತ್ತು. ಗಿಡಕ್ಕೆ ಅದು ಸಾಲುತ್ತಿರಲಿಲ್ಲ.

ಎಲೆ ಬೆಳಕಿನಲ್ಲಿ ನೀರನ್ನೂ ಗಾಳಿಯಲ್ಲಿರುವ ಇಂಗಾಲದ ಅನಿಲವನ್ನೂ ಸೇರಿಸಿ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಯಾವುದಾದರೂ ಒಂದು ಕಡಿಮೆಯಾದರೆ ಉಳಿದದ್ದು ಎಷ್ಟಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ ಅನ್ನುವುದು ಮಾತ್ರ ಆವತ್ತು ತಲೆಗೆ ಹೋಯಿತು. ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಇದು ಮೊದಲೇ ತಿಳಿದಿರಬೇಕಿತ್ತು. ಉದ್ದೆಳೆಯ ಹಾಸು ಇಪ್ಪತ್ತು ಗಜ ಸುತ್ತಿಟ್ಟಿದ್ದರೂ ಲಾಳಿಯಲ್ಲಿ ಅಡ್ಡೆಳೆಯ ಕಂಡಿಕೆ ಮುಗಿದರೆ ಅಪ್ಪ ಕಾಲು ಎತ್ತಿ ಕೂರುತ್ತಿದ್ದರು. ಆಗ ಇನ್ನಷ್ಟು ಹಾಸು ತಂದಿಟ್ಟು ಏನು ಮಾಡುವುದು? ಕಂಡಿಕೆ ಸುತ್ತಬೇಕು.

ತಿಳಿಯಿತು ಅಂದುಕೊಂಡೆ. ಮೂರನೇ ಮನೆಯ ವಿಷಯದಲ್ಲಿ ಮಾತ್ರ ಮರೆತೆ.

ಮೂರನೇ ಮನೆಯನ್ನು ನೋಡಿಕೊಳ್ಳುತ್ತಿದ್ದವನು ಮಾದೇಶ. ಪಾಲಮಲೆಯವನು, ಮನೆಮಾತು ಕನ್ನಡ, ನನಗಿಂತ ಹತ್ತು ವರ್ಷ ಚಿಕ್ಕವನು. ವಾರವಿಡೀ ತೋಟದ ಶೆಡ್ಡಿನಲ್ಲೇ ಇದ್ದು ಶನಿವಾರ ಸಂಜೆ ಮೆಟ್ಟೂರು ಬಸ್ಸು ಹಿಡಿದು, ಕೊಳತ್ತೂರಿನ ಕಡೆಯಿಂದ ಬೆಟ್ಟ ಹತ್ತಿ ಮನೆಗೆ ಹೋಗುತ್ತಿದ್ದ. ಬೆಟ್ಟದಲ್ಲಿ ಒಂದಿಷ್ಟು ರಾಗಿ, ಸಾಮೆ. ಗೊಬ್ಬರ ಕರಗಿಸಿ ಡ್ರಿಪ್ ಪೈಪಿಗೆ ಬಿಡುವುದು, ಬಳ್ಳಿಯನ್ನು ದಾರಕ್ಕೆ ಸುತ್ತುವುದು, ಕಾಯಿ ಕೊಯ್ಯುವುದು ಅವನ ಕೆಲಸ. ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು.

ಆ ವರ್ಷ ತೈ ತಿಂಗಳಿಂದ, ಅಂದರೆ ಸಂಕ್ರಾಂತಿಯಿಂದ, ಮೂರನೇ ಮನೆಯ ಕಾಯಿ ಕುಗ್ಗಿತು. ಮೂರೂ ಮನೆಗೆ ಒಂದೇ ಬೀಜ, ಒಂದೇ ದಿನ ನೆಟ್ಟದ್ದು, ಒಂದೇ ಬಾವಿಯ ನೀರು. ಒಂದು, ಎರಡನೇ ಮನೆಯಲ್ಲಿ ಕಾಯಿ ನೇರವಾಗಿ, ಹೊಳೆಯುತ್ತ ಇಳಿಯುತ್ತಿದ್ದರೆ, ಮೂರನೆಯದರಲ್ಲಿ ಬೆರಳುದ್ದ ಬಂದದ್ದೇ ಹಳದಿಯಾಗಿ ಉದುರುತ್ತಿತ್ತು. ಉಳಿದದ್ದು ಕುಡುಗೋಲಿನ ಹಾಗೆ ಬಾಗುತ್ತಿತ್ತು. ವಿಚಿತ್ರ ಏನು ಅಂದರೆ ಎಲೆಗಳು ಮಾತ್ರ ನೆಟ್ಟಗೆ, ಅಗಲವಾಗಿ, ನೋಡಲು ಲಕ್ಷಣವಾಗಿದ್ದವು.

ಆಗಿನ ಮ್ಯಾನೇಜರು ಸೆಲ್ವರಾಜ್. ತಮಿಳಿನವರು, ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಕೆಟ್ಟವರಲ್ಲ, ಬರುವುದೇ ಹನ್ನೊಂದು ಗಂಟೆಗೆ. ಬಂದವರು ಕೊಯ್ದ ಕಾಯಿಯ ಕ್ರೇಟುಗಳನ್ನು ನೋಡಿ ನನ್ನನ್ನು ಕರೆದರು.

"ಎನ್ನಮ್ಮಾ ಇದು? ಗಿಡ ನೋಡಿದರೆ ಮದುವೆ ಹೆಣ್ಣಿನ ಹಾಗೆ ಇದೆ. ಕಾಯಿ ನೋಡಿದರೆ ಹೀಗೆ."

"ಗೊಬ್ಬರ ಸರಿಯಾಗಿ ಹೋಗ್ತಿಲ್ಲ ಅನ್ಸುತ್ತೆ ಸಾರ್," ಅಂದೆ.

ಅನ್ನಿಸಿದ್ದು ಹೌದು. ಅವತ್ತಿನಿಂದ ಮಾದೇಶನ ಹಿಂದೆ ಬಿದ್ದೆ. ಗೊಬ್ಬರದ ಟ್ಯಾಂಕಿನ ಹೊರಗೆ ಅವನಿಗೆ ಕಾಣದ ಹಾಗೆ ಅರಿಶಿನದಲ್ಲಿ ಗೆರೆ ಎಳೆದೆ. ಸಂಜೆಗೆ ಎಷ್ಟು ಇಳಿಯಬೇಕೋ ಅಷ್ಟೇ ಇಳಿದಿತ್ತು. ನೀರು ಬೆರೆಸಿ ಸರಿದೂಗಿಸಿದ್ದಾನೆ ಅಂದುಕೊಂಡೆ. ಉಪ್ಪಿನಂಶ ತೋರಿಸುವ ಪೆನ್ನಿನಂಥ ಮೀಟರನ್ನು ಅದ್ದಿ ನೋಡಿದೆ; ಅದೂ ಸರಿ ಇತ್ತು. ನಾನು ನೋಡುವ ದಿನ ಮಾತ್ರ ಸರಿಯಾಗಿ ಕರಗಿಸುತ್ತಾನೆ ಅಂದುಕೊಂಡೆ. ಸರಿ ಇದ್ದಷ್ಟೂ ಅನುಮಾನ ಹೆಚ್ಚಾಯಿತು. ನಿಮಗೆ ನಗು ಬರಬಹುದು. ಒಬ್ಬರನ್ನು ಕಳ್ಳ ಅಂತ ಮೊದಲೇ ತೀರ್ಮಾನಿಸಿದ ಮೇಲೆ ಸಿಕ್ಕಿದ್ದೆಲ್ಲ ಸಾಕ್ಷಿಯೇ.

ಒಂದು ಬೆಳಿಗ್ಗೆ ಬಳ್ಳಿ ಸುತ್ತುತ್ತಿದ್ದವನು ಬೆವರು ಒರೆಸುತ್ತ ಹೊರಗೆ ಬಂದು ನಿಂತ.

"ಅಕ್ಕಾ, ಒಳಗೆ ಉಸ್ರು ಕಟ್ತೈತೆ."

"ನಿಂಗೊಬ್ಬನಿಗೇ ಕಟ್ಟೋದಾ? ಗಿಡ ಎಲ್ಲಾ ಚೆಂದಾಗವೆ. ಒಳಗೋಗು."

"ಗಿಡ ಬಾಯ್ ಬಿಟ್ಟು ಯೋಳ್ತದಾ?" ಅಂತ ಗೊಣಗಿಕೊಂಡು ಒಳಗೆ ಹೋದ.

ಆ ಶನಿವಾರ ಸಂಜೆ ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ದಿನದ ಅಂಕಿ ಬರೆಯುತ್ತಿದ್ದೆ. ಮಾದೇಶ ಹೆಗಲ ಮೇಲೆ ನಮ್ಮ ಗೊಬ್ಬರದ ಚೀಲ ಹೊತ್ತು ಹೋದ. ಚೀಲ ದಪ್ಪಗಿತ್ತು. ಸೋಮವಾರ ಸೆಲ್ವರಾಜ್ ಬಂದ ಕೂಡಲೇ ಹೇಳಿದೆ. ಹೇಳುವಾಗ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂತಲೇ ಇತ್ತು.

ಶೆಡ್ಡಿನಲ್ಲಿ ಎಲ್ಲರ ಎದುರು ಅವನನ್ನು ಕೇಳಿದರು. ಅವನು ಗಾಬರಿಯಾಗಲಿಲ್ಲ.

"ಖಾಲಿ ಚೀಲ ಸಾರ್ ಅದು. ಒಂದ್ರೊಳಗೆ ಆರೇಳು ತುರುಕಿದ್ದೆ. ರಾಗಿ ತುಂಬಾಕೆ ಬೇಕು. ಬಿಸಾಕ್ತೀರಲ್ಲಾ ಅಂತ ಎತ್ಕೊಂಡೆ."

"ಖಾಲಿ ಚೀಲ ಅಷ್ಟು ದಪ್ಪ ಇರುತ್ತಾ?" ಅಂದದ್ದು ಮ್ಯಾನೇಜರಲ್ಲ, ನಾನು.

ಅವನು ನನ್ನ ಕಡೆ ತಿರುಗಿದ. "ನೋಡಿದ್ಯಾ ಅಕ್ಕಾ ನೀನು? ಬಿಚ್ಚಿ ನೋಡಿದ್ಯಾ?"

ಸೆಲ್ವರಾಜ್ ಶನಿವಾರದವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಸಾಮಾನು ಕಟ್ಟಿಕೊಂಡು ಹೋಗಬೇಕು. ಎಲ್ಲರೂ ಚದುರಿದ ಮೇಲೆ ಮಾದೇಶ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಕೆಲ್ಸ ಓದ್ರೆ ಓಗ್ಲಿ ಅಕ್ಕಾ, ಇನ್ನೊಂದು ಸಿಗ್ತದೆ. ಬೆಟ್ಟಕ್ಕೋಗಿ ಏನನ್ಲಿ? ಕಳ್ಳ ಅಂತ ಅಟ್ಟಿಬುಟ್ರು ಅನ್ಲಾ?" ನಾನು ರಿಜಿಸ್ಟರು ತಿರುವುತ್ತ ನಿಂತೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದಿಳಿದಳು. ಹೆಸರು ಕವಿತಾ, ಕೃಷಿ ಪದವಿ ಓದಿದವಳು, ಬೀಜದ ಕಡೆಯಿಂದ ತೋಟ ತೋಟ ಸುತ್ತುವ ಕೆಲಸ. ಅವಳ ಜೊತೆ ಇರಬೇಕು ಅಂತ ಸೆಲ್ವರಾಜ್ ಆವತ್ತೊಂದು ದಿನ ಬೇಗ ಬಂದಿದ್ದರು. ನಮಗ್ಯಾರಿಗೂ ಹೇಳದೆ ಇಷ್ಟು ಬೆಳಿಗ್ಗೆ ಯಾಕೆ ಬಂದಳು ಅಂತ ನನಗೆ ಅದೂ ಅನುಮಾನ. ಊರು ಪಾಪಿರೆಡ್ಡಿಪಟ್ಟಿ ಅಂದಳು. ಮನೆಯಲ್ಲಿ ಕನ್ನಡವೇ, ಮಾತಿನ ನಡುನಡುವೆ ಬಾಯಿಗೆ ಬರುವುದು ತಮಿಳು.

ಅವಳ ಕೈಯಲ್ಲಿ ಮೊಬೈಲಿನಷ್ಟು ಗಾತ್ರದ ಒಂದು ಮೀಟರು. ಹೊರಗೆ ಹಿಡಿದಳು, ಬರೆದುಕೊಂಡಳು. ಮೂರನೇ ಮನೆಯ ಒಳಗೆ ಹೋಗಿ ಬಳ್ಳಿಗಳ ನಡುವೆ ಹಿಡಿದಳು. ಆಚೆ ಈಚೆ ನಾಲ್ಕು ಕಡೆ ಹಿಡಿದಳು. ಆಮೇಲೆ ತಲೆ ಎತ್ತಿ ಮನೆಯ ಎರಡೂ ಪಕ್ಕ ನೋಡಿದಳು. ಪಕ್ಕದ ಪ್ಲಾಸ್ಟಿಕ್ ಪರದೆಗಳು ನೆಲದವರೆಗೆ ಇಳಿದಿದ್ದವು.

"ಸಾರ್, ಹೊರಗಡೆ ಗಾಳೀಲಿ ಇರೋ ಇಂಗಾಲದ ಅನಿಲ ಇಲ್ಲಿ ಹೆಚ್ಚುಕಡಿಮೆ ಅರ್ಧ ಅಷ್ಟೇ ಐತೆ."

"ಅಂದರೆ?"

"ವೆಳಿಚ್ಚಂ, ಬೆಳಕು ಐತೆ, ನೀರೈತೆ, ಉರಂ, ಗೊಬ್ಬರಾನೂ ಐತೆ. ಸಾಪ್ಪಾಡು, ಅನ್ನ ಮಾಡ್ಕೊಳಾಕೆ ಗಾಳಿ ಇಲ್ಲ. ರಾತ್ರಿ ಗಿಡ ಬಿಟ್ಟ ಉಸ್ರು ಒಳಗೇ ಇರ್ತದೆ, ಬೆಳಕು ಹರಿದ ಮ್ಯಾಲೆ ಒಂದೊತ್ತು ಅದನ್ನೇ ಎಳ್ಕೊಂತವೆ. ಅದು ಮುಗೀತಾ, ಹೊರಗಿಂದ ಬರ್ಬೇಕು. ಪರ್ದೆ ಮುಚ್ಚಿದ್ರೆ ಎಲ್ಲಿಂದ ಬರ್ತದೆ? ಚೆನ್ನಾಗಿ ಬಿಸ್ಲು ಇರೋ ಹೊತ್ತಲ್ಲೇ ಗಿಡ ಸುಮ್ನೆ ನಿಂತಿರ್ತದೆ. ಬೆಳಿಗ್ಗೆ ಹೊತ್ತು ಯಾರು ಇದನ್ನ ಇಳ್ಸೋದು?"

ಸೆಲ್ವರಾಜ್ ಮಾದೇಶನ ಕಡೆ ನೋಡಿದರು. "ಇವನೇ. ಬೇರೆ ಯಾರು? ಇವನ ಮನೆ ಇದು."

ಮಾದೇಶ ಬಗ್ಗಿ ಒಂದು ಬಳ್ಳಿಯ ದಾರ ಸರಿಮಾಡುತ್ತಿದ್ದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಇಳಿಸುತ್ತಿದ್ದವಳು ನಾನು.

ಮೂರನೇ ಮನೆ ಬಯಲಿನ ಕಡೆಗಿತ್ತು. ತೈ, ಮಾಸಿ ತಿಂಗಳಲ್ಲಿ ಬೆಳಗಿನ ಒಣಗಾಳಿ ನೇರ ಅದಕ್ಕೇ ಬಡಿಯುತ್ತದೆ. ಎಲೆಯ ಅಂಚು ಮುದುಡಿದ್ದು ಕಂಡ ದಿನ ನನಗೆ ನೆನಪಾದದ್ದು ಅವ್ವ. ನಮ್ಮ ಕುಣಿಮಗ್ಗದ ಕೋಣೆಗೆ ಒಣಗಾಳಿ ನುಗ್ಗಿದರೆ ಹಾಸಿನ ಎಳೆ ಪಟಪಟ ಕಡಿಯುತ್ತಿತ್ತು. ಅವ್ವ ಕಿಟಕಿ ಬಾಗಿಲು ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಆಮೇಲೆ ಅಪ್ಪನನ್ನು ಮಗ್ಗಕ್ಕೆ ಕೂರಿಸುತ್ತಿದ್ದಳು. ಅದನ್ನೇ ನಾನೂ ಮಾಡಿದೆ. ಆರೂವರೆಗೆ ಬಂದವಳು ಹಿಡಿ ತಿರುಗಿಸಿ ಎರಡೂ ಪರದೆ ಇಳಿಸಿ, ದಾರಿಗೆ ನೀರು ಚಿಮುಕಿಸುತ್ತಿದ್ದೆ. ಎಲೆ ನೆಟ್ಟಗಾಗುತ್ತಿತ್ತು. ಹತ್ತೂವರೆ ದಾಟಿ ಕಾವು ಏರಿದ ಮೇಲೆ ಪರದೆ ಏರಿಸುತ್ತಿದ್ದೆ. ಹನ್ನೊಂದಕ್ಕೆ ಬರುವ ಮ್ಯಾನೇಜರ ಕಣ್ಣಿಗೆ ಅದು ಯಾವತ್ತೂ ಮೇಲೇ ಇರುತ್ತಿತ್ತು. ಅವರಿಂದ ಮುಚ್ಚಿಟ್ಟದ್ದಲ್ಲ. ತಮಿಳು ರಿಜಿಸ್ಟರಿನಲ್ಲಿ ಪರದೆಗೆ ಕಾಲಮ್ಮೇ ಇರಲಿಲ್ಲ. ನೂಲು ಉಸಿರಾಡುವುದಿಲ್ಲ, ಗಿಡ ಉಸಿರಾಡುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ.

ಸುಮ್ಮನಿದ್ದರೆ ಅದೂ ಅವನ ತಲೆಗೇ ಬರುತ್ತಿತ್ತು. ಹೇಗೂ ಶನಿವಾರ ಹೋಗುವವನು. ಆ ಯೋಚನೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬ್ಯಾಗಿನಿಂದ ಚಿಕ್ಕ ಪುಸ್ತಕ ತೆಗೆದೆ.

"ಸಾರ್, ಇದರಲ್ಲಿ ಬರ್ದಿದೆ."

ಸೆಲ್ವರಾಜ್ ಪುಸ್ತಕ ತಿರುಗಿಸಿ ನೋಡಿದರು. ಕವಿತಾ ಇಣುಕಿ ತಲೆ ಅಲ್ಲಾಡಿಸಿದಳು. "ಮಾತಾಡ್ತೀನಿ, ಓದಾಕೆ ಬರಲ್ಲ ಆಂಟಿ. ನೀವೇ ಓದಿ."

ನನಗೆ ಬೇಕಾದಂತೆ ಓದಬಹುದಿತ್ತು. ಯಾರೂ ಹಿಡಿಯುತ್ತಿರಲಿಲ್ಲ. ಇದ್ದದ್ದನ್ನೇ ಓದಿದೆ.

"ತೈ ಮೂರು. ಗಾಳಿ ಜೋರು. ಮೂರನೇ ಮನೆಯ ಪರದೆ ಇಳಿಸಿದೆ. ಎಲೆ ಚೆನ್ನಾಗಿದೆ. ತೈ ನಾಲ್ಕು. ಪರದೆ ಇಳಿಸಿದೆ. ತೈ ಐದು. ಪರದೆ ಇಳಿಸಿದೆ, ನೀರು ಚಿಮುಕಿಸಿದೆ." ಹಾಗೇ ಪುಟ ತಿರುವುತ್ತ ಹೋದೆ. ಒಂದು ಸಾಲಿನ ಮೇಲೆ ನಿಂತೆ.

"ಏನಾಯ್ತು ಆಂಟಿ?"

"ತೈ ಹದಿನೆಂಟು," ಅಂತ ಓದಿದೆ. "ಮಾದೇಶ ಒಳಗೆ ಉಸಿರು ಕಟ್ಟುತ್ತೆ ಅಂದ. ಕೆಲಸ ತಪ್ಪಿಸುವ ನೆಪ. ಇವನ ಮೇಲೆ ಇನ್ನಷ್ಟು ಕಣ್ಣಿಡಬೇಕು."

ಮಾದೇಶ ಕೈಯಲ್ಲಿದ್ದ ದಾರವನ್ನು ಸುತ್ತುತ್ತಲೇ ಇದ್ದ.

ಸೆಲ್ವರಾಜ್ ನಂಬಿದರಾ? ಇಲ್ಲ. "ನೀವಿಬ್ಬರೂ ಒಂದೇ ಭಾಷೆಯವರು. ಅವನನ್ನು ಬಿಡಿಸಲು ಹೀಗೆ ಓದುತ್ತಿದ್ದೀರೋ ಏನೋ" ಅಂದರು. ಅನುಮಾನ ಪಡುವವಳ ಮೇಲೇ ಅನುಮಾನ ಬಂದರೆ ಎಷ್ಟು ಚುಚ್ಚುತ್ತದೆ ಅಂತ ಆಗ ಗೊತ್ತಾಯಿತು. ನಾನೇ ಕೇಳಿಕೊಂಡೆ: ಗೊಬ್ಬರ ಅವನ ಕೈಯಲ್ಲೇ ಇರಲಿ, ಒಂದು ಹಿಡಿಯೂ ಹೆಚ್ಚುಕಡಿಮೆ ಬೇಡ. ಪರದೆ ಮಾತ್ರ ಬೆಳಕು ಹರಿಯುತ್ತಲೇ ಏರಲಿ. ಮೂರು ವಾರ ನೋಡಿ. ಗಿಡ ಸರಿಹೋಗದಿದ್ದರೆ ಇಬ್ಬರನ್ನೂ ಕಳಿಸಿ. ಕವಿತಾ ಹೂಂ ಅಂದಳು. ಸೆಲ್ವರಾಜ್ ಅರೆಮನಸ್ಸಿನಿಂದ ಒಪ್ಪಿದರು.

ಮೊದಲ ವಾರ ನನ್ನ ಗ್ರಹಚಾರ ನೆಟ್ಟಗಿರಲಿಲ್ಲ. ಒಣಗಾಳಿಗೆ ಎಲೆ ಮುದುಡಿತು, ನೋಡಲು ಹಿಂದಿಗಿಂತ ಕೆಟ್ಟದಾಗಿತ್ತು. ಒಣಗಾಳಿಯಲ್ಲಿ ಎಲೆ ತನ್ನ ಸಣ್ಣ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ, ಆಗಲೂ ಗಾಳಿ ಒಳಗೆ ಹೋಗುವುದಿಲ್ಲ. ಅಷ್ಟರ ಮಟ್ಟಿಗೆ ಅವ್ವನ ಬುದ್ಧಿ ತಪ್ಪಲ್ಲ ಅಂತ ಕವಿತಾಳೇ ಫೋನಿನಲ್ಲಿ ಹೇಳಿದಳು. ಗಾಳಿ ಬಡಿಯುವ ಪಕ್ಕ ಅರ್ಧ ಏರಿಸಿ, ಎದುರು ಪಕ್ಕ ಪೂರ್ತಿ ಏರಿಸಿ, ದಾರಿಗೆ ಎರಡು ಸಲ ನೀರು ಚಿಮುಕಿಸಿದೆವು. ಎರಡನೇ ವಾರ ಉದುರುವುದು ನಿಂತಿತು. ಮೂರನೇ ವಾರದ ಕೊನೆಗೆ ಮಾದೇಶ ಒಂದು ಕಾಯಿ ಕಿತ್ತು ತಂದು ನನ್ನ ರಿಜಿಸ್ಟರಿನ ಮೇಲೆ ಇಟ್ಟ. ಸ್ಕೇಲಿನ ಹಾಗೆ ನೆಟ್ಟಗಿತ್ತು.

"ಬರ್ಕೊ," ಅಂದ.

"ಯಾಕ್ಲಾ ಮಾದೇಶ, ಆವತ್ತು ನಾನೇ ಇಳ್ಸೋದು ಅಂತ ಗೊತ್ತಿದ್ದೂ ಯಾಕೆ ಸುಮ್ಕಿದ್ದೆ?"

"ನೀನಾಗೇ ಬಾಯ್ ಬಿಡ್ತೀಯಾ ಇಲ್ವಾ ನೋಡಾಣ ಅಂತ."

ಅವನು ಉಳಿದ. ಸೆಲ್ವರಾಜ್ ಶೆಡ್ಡಿನಲ್ಲಿ ಎಲ್ಲರ ಎದುರೇ ಅವನ ಮೇಲೆ ಏನೂ ಇಲ್ಲ ಅಂದರು. ನಾನು ಏನು ಅನ್ನಬೇಕಿತ್ತೋ ಅದನ್ನು ಅಂದೆ. ಅವನು ತಲೆ ಆಡಿಸಿದ, ಅಷ್ಟೇ. ಆ ಶನಿವಾರ ಸಂಜೆ ಗೇಟಿನ ಹತ್ತಿರ ಬಂದು ಚೀಲವನ್ನು ನನ್ನ ಎದುರು ಇಳಿಸಿ, ಬಾಯಿ ಬಿಚ್ಚಿ, ತಲೆಕೆಳಗು ಮಾಡಿ ಕೊಡವಿದ. ಖಾಲಿ ಚೀಲಗಳು ಬಿದ್ದವು. "ನೋಡ್ಕೊ ಅಕ್ಕಾ, ಚೆಂದಾಗಿ ನೋಡ್ಕೊ." ಒಂದೊಂದಾಗಿ ಮಡಚಿ ತುಂಬಿಕೊಂಡು ಹೋದ. ಮುಂದಿನ ಶನಿವಾರವೂ ಹಾಗೇ. ಬೇಡ ಮಾದೇಶ ಅಂದೆ. "ನಿನ್ನ ಪುಸ್ತಕಕ್ಕೆ ಬೇಕಲ್ಲಾ" ಅಂದ. ಆಮೇಲಿನ ವರ್ಷಗಳಲ್ಲಿ ಒಂದು ಶನಿವಾರವೂ ತಪ್ಪಿಸಲಿಲ್ಲ. ಲುಂಗಿ, ಬೆಲ್ಲ, ಮಗಳಿಗೆ ಕೊಂಡ ಚಪ್ಪಲಿ, ಏನಿದ್ದರೂ ಕಲ್ಲಿನ ಮೇಲೆ ಜೋಡಿಸಿ ತೋರಿಸುತ್ತಿದ್ದ. ಮೊದಮೊದಲು ಮುಖ ಎತ್ತಲು ಆಗುತ್ತಿರಲಿಲ್ಲ. ಬರಬರುತ್ತ ನಾನೂ ಚಪ್ಪಲಿಯ ಬಣ್ಣ ಚೆನ್ನಾಗಿಲ್ಲ ಅಂತ ಬೈಯುವಷ್ಟಾಯಿತು.

ಈಗ ತೋಟದಲ್ಲಿ ಎಲ್ಲಾ ಕಡೆ ಸೆನ್ಸರು. ಬಿಸಿ ಏರಿದರೆ ಮ್ಯಾನೇಜರ ಫೋನು ಕೂಗುತ್ತದೆ. ಅದನ್ನೂ ಪೂರ್ತಿ ನಂಬಬೇಡಿ ಹೆಣ್ಣುಮಕ್ಕಳೇ. ಒಂದು ಸಲ ಸೆನ್ಸರನ್ನು ಬಾಗಿಲ ಪಕ್ಕದ ನೆರಳಿಗೆ ನೇತುಹಾಕಿದ್ದರು. ಒಳಗೆ ಬಳ್ಳಿ ಬೇಯುತ್ತಿದ್ದರೂ ಫೋನು ಎಲ್ಲಾ ಕ್ಷೇಮ ಅನ್ನುತ್ತಿತ್ತು. ಬೇಸಿಗೆಯ ಪಂಗುನಿ ತಿಂಗಳಲ್ಲಿ ಪರದೆ ಎಷ್ಟು ಏರಿಸಿದರೂ ಬಿಸಿಯೇ ಗಿಡದ ಕೈ ಕಟ್ಟುತ್ತದೆ, ಆಗ ನೆರಳು ಬಲೆ ಎಳೆಯಬೇಕು. ಮಳೆಗಾಲದ ಐಪ್ಪಸಿ ತಿಂಗಳ ಮೋಡದಲ್ಲಿ ಅದೇ ಬಲೆ ಬೆಳಕಿಗೆ ಅಡ್ಡ, ಆಗ ಮಡಚಬೇಕು. ನಿನ್ನೆ ಕಡಿಮೆಯಿದ್ದದ್ದೇ ಇವತ್ತೂ ಕಡಿಮೆ ಅಂತ ಹೇಳಲಾಗದು. ಗಿಡ ಸೊರಗಿದ ದಿನ ಮನುಷ್ಯರ ಮುಖ ನೋಡುವ ಮೊದಲು ಬೆಳಕು ನೋಡಿ, ಗಾಳಿ ನೋಡಿ, ಬಿಸಿ ನೋಡಿ, ನೀರು ನೋಡಿ. ಅದೂ ಆದ ಮೇಲೆ ನಿಮ್ಮದೇ ಪುಸ್ತಕದಲ್ಲಿ ನೀವು ಏನು ಬರೆದಿದ್ದೀರಿ ಅಂತ ಓದಿ. ಪರದೆಗೂ ಒಂದು ಕಾಲಮ್ಮು ಹಾಕಿಸಿ ಬಂದಿದ್ದೇನೆ, ತಮಿಳು ರಿಜಿಸ್ಟರಿನಲ್ಲೇ.

ನನ್ನ ಕೊನೆಯ ದಿನ ಶನಿವಾರವೇ ಬಂತು. ಸಂಜೆ ಶಾಲು ಹೊದಿಸಿ, ಮಾತಾಡಿ, ಫೋಟೋ ತೆಗೆದು ಎಲ್ಲಾ ಆದ ಮೇಲೆ ಅಭ್ಯಾಸದಂತೆ ಗೇಟಿನ ಕಲ್ಲಿನ ಮೇಲೆ ಹೋಗಿ ಕೂತೆ. ಮಾದೇಶ ಹೆಗಲ ಮೇಲೆ ಚೀಲ ಹೊತ್ತು ಬಂದ. ಎಂದಿನಂತೆ ಇಳಿಸುತ್ತಾನೆ ಅಂತ ನಾನು ಬ್ಯಾಗು ಸರಿಸಿ ಕಲ್ಲಿನ ಮೇಲೆ ಜಾಗ ಮಾಡಿದೆ. ಅವನು ಇಳಿಸಲಿಲ್ಲ.

"ಬತ್ತೀನಕ್ಕಾ," ಅಂದು, ನಗುತ್ತ, ಗೇಟು ದಾಟಿ ಬಸ್ಸಿನ ದಾರಿ ಹಿಡಿದ.

ಚೀಲ ದಪ್ಪಗಿತ್ತು. ಒಳಗೇನಿತ್ತೋ, ನಾನು ಕೇಳಲಿಲ್ಲ.